ತನ್ನ ದನಿ ತನಗೆ ಕೇಳದು: ಹ್ಯಾಮ್ ರೇಡಿಯೊದವರು ಕಂಡುಕೊಂಡ ದಾರಿ

ಕಳೆದ ಬೇಸಿಗೆಯಲ್ಲಿ ನಾವು ವಾರಕ್ಕೊಂದು ಧ್ವನಿ ಸುದ್ದಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಿದ್ದೆವು. ನಲ್ಲಿ ನೀರು ಯಾವ ದಿನ ಬರುತ್ತದೆ, ನರೇಗಾ ಕೂಲಿ ಯಾಕೆ ತಡವಾಗಿದೆ, ಸಂತೆಯಲ್ಲಿ ಟೊಮೆಟೊ ಏನು ರೇಟು ಎನ್ನುವಂಥ ಐದು ನಿಮಿಷದ ಸುದ್ದಿ. ಕಳಿಸಿದ ಕೂಡಲೇ ಹೆಬ್ಬೆರಳು, ಕೈಮುಗಿದ ಚಿತ್ರ, 'ಸೂಪರ್' ಎಂಬ ಉತ್ತರಗಳು ಬಂದು ಬೀಳುತ್ತಿದ್ದವು. ನಾವೂ ಹಿಗ್ಗುತ್ತಿದ್ದೆವು.

ಐದನೇ ವಾರ ಒಬ್ಬ ಅಜ್ಜಿ ಮೊಮ್ಮಗನ ಫೋನಿನಿಂದ ಕರೆ ಮಾಡಿದರು. "ಏನ್ ಹೇಳ್ತೀರೋ ಒಂದಕ್ಷರ ತಿಳೀನಿಲ್ಲ ಕಣಪ್ಪಾ. ಬರೀ ಬರ‍್ರ್ ಅಂತದೆ" ಅಂದರು. ನಾವು ನಮ್ಮ ಇಯರ್‌ಫೋನಿನಲ್ಲಿ ಕೇಳಿದಾಗ ಎಲ್ಲ ಸರಿಯಾಗಿಯೇ ಇತ್ತು. ಅದೇ ಸುದ್ದಿಯನ್ನು ಅವರ ಮನೆಗೆ ಹೋಗಿ ಆ ಸಣ್ಣ ಫೋನಿನಲ್ಲಿ ಕೇಳಿದೆವು. ರೆಕಾರ್ಡ್ ಮಾಡಿದ ಕೋಣೆಯ ಫ್ಯಾನಿನ ಸದ್ದು ಮಾತನ್ನೆಲ್ಲ ನುಂಗಿಹಾಕಿತ್ತು. ನೀರು ಬರುವ ದಿನವೇ ಕೇಳುತ್ತಿರಲಿಲ್ಲ. ನಾಲ್ಕು ವಾರ ನಮಗೆ ಬಂದ ಹೆಬ್ಬೆರಳುಗಳಲ್ಲಿ ಒಂದೂ ಈ ಮಾತು ಹೇಳಿರಲಿಲ್ಲ.

ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರೆ. ನಮ್ಮ ದನಿಯೂ ಹಾಗೇ. ದೂರದಲ್ಲಿ ಅದು ಹೇಗೆ ಕೇಳುತ್ತದೆ ಎಂದು ನಮಗೆ ನಾವೇ ತಿಳಿಯಲಾರೆವು. ಇದೇ ತೊಡಕಿನ ಜೊತೆ ನೂರು ವರ್ಷಕ್ಕೂ ಮೇಲ್ಪಟ್ಟು ಗುದ್ದಾಡಿದ ಒಂದು ಗುಂಪಿದೆ. ಅವರೇ ಹ್ಯಾಮ್ ರೇಡಿಯೊ ಹವ್ಯಾಸಿಗಳು. ಅವರು ಈ ತೊಡಕಿಗೆ ಏನೇನು ಉಪಾಯ ಹುಡುಕಿದರು, ಎಲ್ಲಿ ಗೆದ್ದರು, ಎಲ್ಲಿ ಮತ್ತೆ ಎಡವಿದರು ಎಂಬುದನ್ನು ಈ ವಾರ ಹೇಳುತ್ತೇವೆ.

ಎಲ್ಲರದ್ದೂ ಒಂದೇ ಆಕಾಶ

ಹ್ಯಾಮ್ ಎಂದರೆ ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ತನ್ನ ಮನೆಯಲ್ಲೇ ರೇಡಿಯೊ ಇಟ್ಟುಕೊಂಡು ದೇಶವಿದೇಶದ ಇತರ ಹ್ಯಾಮ್‌ಗಳ ಜೊತೆ ಮಾತನಾಡುವವರು. ಇದರಲ್ಲಿ ಸಂಪಾದನೆ ಇಲ್ಲ, ಮಾಡಕೂಡದು ಕೂಡ. ಕೆಲವರು ಬಾಯಲ್ಲಿ ಮಾತನಾಡುತ್ತಾರೆ, ಕೆಲವರು ಮೋರ್ಸ್ ಎಂಬ ಕಟ್ಟು-ಕಡ ಸದ್ದಿನ ಭಾಷೆಯಲ್ಲಿ.

ರೇಡಿಯೊ ಹೋಗುವ ಆಕಾಶ ಊರಿನ ಗೋಮಾಳ ಇದ್ದ ಹಾಗೆ. ಎಲ್ಲರಿಗೂ ಸೇರಿದ್ದು, ಆದರೆ ಜಾಗ ಅಷ್ಟೇ. ಒಬ್ಬನ ಸಿಗ್ನಲ್ ತನ್ನ ಗೆರೆ ಬಿಟ್ಟು ಅಗಲವಾಗಿ ಹರಡಿದರೆ ಅಕ್ಕಪಕ್ಕದವರು ಮಾತನಾಡುವಂತಿಲ್ಲ. ಆದ್ದರಿಂದ ಇಲ್ಲಿ ದನಿ ಜೋರಾಗಿದ್ದರೆ ಸಾಲದು, ಶುದ್ಧವಾಗಿಯೂ ಇರಬೇಕು.

ಮೊದಮೊದಲು ಹಾಗಿರಲಿಲ್ಲ. 1900ರ ನಂತರದ ಮೊದಲ ವರ್ಷಗಳಲ್ಲಿ ಎಲ್ಲರ ಬಳಿ ಇದ್ದದ್ದು ಕಿಡಿ ಹಾರಿಸುವ ಸ್ಪಾರ್ಕ್ ಟ್ರಾನ್ಸ್‌ಮಿಟರ್. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಿದಾಗ ರೇಡಿಯೊ ಅಲೆ ಹೊರಡುತ್ತಿತ್ತು. ಅದು ಗಂಟೆಗೆ ಹೊಡೆದ ಹಾಗೆ. ಢಣ್ ಎಂದು ಎದ್ದು, ಕ್ಷಣದಲ್ಲಿ ಕುಗ್ಗಿ ಸಾಯುವ ಅಲೆ. ಮತ್ತೆ ಕಿಡಿ, ಮತ್ತೆ ಢಣ್. ಹೀಗೆ ಬೇಗ ಬೇಗ ಸಾಯುವ ಅಲೆ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಕೆರೆಗೆ ಕಲ್ಲು ಎತ್ತಿ ಹಾಕಿದಂತೆ ಸುತ್ತಲೂ ಎರಚುತ್ತದೆ. ಒಂದು ಊರಲ್ಲಿ ಒಬ್ಬ ಕಿಡಿ ಹಾರಿಸಿದರೆ ಉಳಿದವರು ಸುಮ್ಮನೆ ಕೂರಬೇಕಿತ್ತು.

1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಹಡಗು ಮುಳುಗಿತು. ಆ ಹೊತ್ತಿನಲ್ಲಿ ಆಕಾಶದ ತುಂಬ ಗದ್ದಲವಿತ್ತು, ತಪ್ಪು ಸುದ್ದಿಗಳು ಹಬ್ಬಿದವು. ಅಮೆರಿಕದಲ್ಲಿ ಅದರ ದೂರಿನ ದೊಡ್ಡ ಪಾಲು ಹವ್ಯಾಸಿಗಳ ತಲೆಗೆ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಅಲ್ಲಿ ರೇಡಿಯೊ ಕಾನೂನು ಬಂತು. ಲೈಸೆನ್ಸ್ ಕಡ್ಡಾಯವಾಯಿತು. ಹವ್ಯಾಸಿಗಳನ್ನು 200 ಮೀಟರ್ ಮತ್ತು ಅದಕ್ಕಿಂತ ಕಡಿಮೆಯ ತರಂಗಾಂತರಕ್ಕೆ ಅಟ್ಟಿದರು. ಆಗಿನವರ ಲೆಕ್ಕದಲ್ಲಿ ಅದು ಯಾರಿಗೂ ಬೇಡದ ಬರಡು ಭೂಮಿ.

ಅದೇ ಕಾನೂನಿನಲ್ಲಿ ಇನ್ನೊಂದು ಮಾತೂ ಇತ್ತು. ಸಿಗ್ನಲ್ ಹೇಗಿರಬೇಕು ಎಂಬುದನ್ನು ಅದು ಅಂಕಿಯಲ್ಲಿ ಹೇಳಿತು. ಅಲೆಯ ಕುಗ್ಗುವಿಕೆಯ ಅಳತೆ 0.2 ದಾಟಬಾರದು ಎಂದಿತು. ಜೋಕಾಲಿಯನ್ನು ನೆನಪಿಸಿಕೊಳ್ಳಿ. ತಳ್ಳಿ ಬಿಟ್ಟರೆ ಪ್ರತಿ ತೂಗಾಟವೂ ಹಿಂದಿನದಕ್ಕಿಂತ ಒಂದಿಷ್ಟು ಕಡಿಮೆಯಾಗುತ್ತದೆ. ರೇಡಿಯೊ ಅಲೆ ಒಂದು ತೂಗಿಗೆ ಸುಮಾರು ಶೇಕಡಾ 18ಕ್ಕಿಂತ ಹೆಚ್ಚು ಕುಗ್ಗಬಾರದು ಎಂಬುದು ಅದರ ಅರ್ಥ. ನಿಧಾನವಾಗಿ ಕುಗ್ಗುವ ಅಲೆ ಹೆಚ್ಚು ಎರಚುವುದಿಲ್ಲ.

ಕಾನೂನು ಬಂದ ಮೇಲೆ ಅಳೆಯಲು ಮಾಪಕ ಬೇಕಲ್ಲ? ಅಮೆರಿಕದ ಬ್ಯೂರೊ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ಫ್ರೆಡರಿಕ್ ಕೋಲ್ಸ್ಟರ್ ಎಂಬುವರು 'ಡೆಕ್ರಿಮೀಟರ್' ಎಂಬ ಪೆಟ್ಟಿಗೆ ಮಾಡಿದರು. ಸರ್ಕಾರದ ರೇಡಿಯೊ ಇನ್‌ಸ್ಪೆಕ್ಟರುಗಳು ಅದನ್ನು ಹೊತ್ತು ಹಡಗುಗಳಿಗೂ ನಿಲ್ದಾಣಗಳಿಗೂ ಹೋಗಿ ಅಳೆದರು. ಸಿಗ್ನಲ್ಲಿನ ಗುಣವನ್ನು ಅಳೆಯಲು ಬಂದ ಮೊದಮೊದಲ ಉಪಕರಣಗಳಲ್ಲಿ ಅದೂ ಒಂದು. ಆದರೆ ಅದಿದ್ದದ್ದು ಇನ್‌ಸ್ಪೆಕ್ಟರ ಕೈಯಲ್ಲಿ. ಮನೆಯಲ್ಲಿ ಕೂತ ಹುಡುಗನಿಗೆ ತನ್ನ ಸಿಗ್ನಲ್ ಹೇಗಿದೆ ಎಂದು ಗೊತ್ತಾಗಲು ಯಾರಾದರೂ ದೂರು ಕೊಡಬೇಕಿತ್ತು.

ಗಂಟೆ ಹೋಗಿ ಕೊಳಲು ಬಂತು

1914ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರು ಹವ್ಯಾಸಿಗಳ ಸಂಘ ಕಟ್ಟಿದರು. ಒಬ್ಬರ ಸಿಗ್ನಲ್ ಬಹಳ ದೂರ ಹೋಗುತ್ತಿರಲಿಲ್ಲವಾದ್ದರಿಂದ ಸಂದೇಶವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಅದರ ಉದ್ದೇಶ. ಸಂಘದ ಹೆಸರಿನಲ್ಲೇ 'ರಿಲೇ' ಎಂಬ ಮಾತಿದೆ. ಬಾವಿಯಿಂದ ಕೊಡ ಕೈಯಿಂದ ಕೈಗೆ ದಾಟಿದ ಹಾಗೆ. ನಡುವೆ ಒಬ್ಬನಿಗೆ ಸರಿಯಾಗಿ ಕೇಳದಿದ್ದರೆ ಕೊಡವೇ ಚೆಲ್ಲಿದ ಹಾಗೆ. ಹಾಗಾಗಿ 'ನನ್ನದು ನಿನಗೆ ಹೇಗೆ ಕೇಳುತ್ತಿದೆ?' ಎಂಬುದು ಅವರಲ್ಲಿ ಶುರುವಿನಿಂದಲೂ ಮೊದಲ ಪ್ರಶ್ನೆ.

ಮೊದಲ ಮಹಾಯುದ್ಧ ಮುಗಿದ ಮೇಲೆ ವಾಲ್ವ್‌ಗಳು ಕೈಗೆ ಸಿಕ್ಕವು. ವಾಲ್ವ್‌ನಿಂದ ಹೊರಡುವ ಅಲೆ ಕುಗ್ಗದೆ ಒಂದೇ ಸಮನೆ ಹರಿಯುತ್ತದೆ. ಗಂಟೆಯ ಬದಲು ಕೊಳಲು ಊದಿದ ಹಾಗೆ. ಎಲ್ಲ ಶಕ್ತಿಯೂ ಒಂದೇ ಸ್ವರದಲ್ಲಿ ನಿಲ್ಲುವುದರಿಂದ ಅದು ದೂರ ಹೋಗಬೇಕು ಎಂದು ಹಲವರು ವಾದಿಸಿದರು. ಕಿಡಿಯ ಕಡೆಯವರು ಒಪ್ಪಲಿಲ್ಲ.

1921ರ ಡಿಸೆಂಬರ್‌ನಲ್ಲಿ ಅದಕ್ಕೊಂದು ಪರೀಕ್ಷೆ ನಡೆಯಿತು. ಪಾಲ್ ಗಾಡ್ಲಿ ಎಂಬುವರನ್ನು ಸಂಘದವರು ಅಮೆರಿಕದಿಂದ ಸ್ಕಾಟ್‌ಲೆಂಡಿನ ಆರ್ಡ್ರೊಸಾನ್ ಎಂಬ ಕಡಲೂರಿಗೆ ಕಳಿಸಿದರು. ಅವರು ಚಳಿಯಲ್ಲಿ, ಸಮುದ್ರದ ಪಕ್ಕದ ಒಂದು ಗುಡಾರದಲ್ಲಿ ರಿಸೀವರ್ ಇಟ್ಟುಕೊಂಡು ರಾತ್ರಿಯೆಲ್ಲ ಕಿವಿಗೊಟ್ಟರು. ಅಟ್ಲಾಂಟಿಕ್ ಸಾಗರ ದಾಟಿ ಅಮೆರಿಕದ ಹವ್ಯಾಸಿಗಳ ಸಿಗ್ನಲ್‌ಗಳು ಬಂದವು. ಅವುಗಳಲ್ಲಿ ಹೆಚ್ಚಿನವು ವಾಲ್ವ್‌ನ ಶುದ್ಧ ಸ್ವರಗಳೇ. ಕಿಡಿಯವು ಕೆಲವೇ ಕೆಲವು. ಜೋರಾಗಿ ಅರಚುವುದಕ್ಕಿಂತ ಶುದ್ಧವಾಗಿ ಹೇಳುವುದು ದೂರ ಮುಟ್ಟುತ್ತದೆ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಕೆಲವೇ ವರ್ಷಗಳಲ್ಲಿ ಕಿಡಿ ಮೂಲೆ ಸೇರಿತು. 1923ರ ನವೆಂಬರ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ಹವ್ಯಾಸಿಗಳು ಸಾಗರದ ಆಚೀಚೆ ಕೂತು ಪರಸ್ಪರ ಮಾತಾಡಿದರು. ಬಳಸಿದ್ದು ಸುಮಾರು 100 ಮೀಟರ್ ಅಲೆ, ಅಂದರೆ ಬರಡೆಂದು ಬಿಟ್ಟುಕೊಟ್ಟಿದ್ದ ಅದೇ ಭೂಮಿ.

ಬರಡು ಭೂಮಿ ಬಂಗಾರ ಎಂದು ಗೊತ್ತಾದ ಮೇಲೆ ಎಲ್ಲರೂ ಬಂದರು.

ಗೋಮಾಳ ಕಿರಿದಾಯಿತು

1927ರಲ್ಲಿ ವಾಷಿಂಗ್ಟನ್‌ನಲ್ಲಿ ದೇಶಗಳೆಲ್ಲ ಸೇರಿ ಆಕಾಶವನ್ನು ಹಂಚಿಕೊಂಡವು. ಅಮೆರಿಕದ ಹವ್ಯಾಸಿಗಳು 7ರಿಂದ 8 ಮೆಗಾಹರ್ಟ್ಸ್‌ವರೆಗೆ ಬಳಸುತ್ತಿದ್ದ ಜಾಗ 7ರಿಂದ 7.3ಕ್ಕೆ ಇಳಿಯಿತು. 14ರಿಂದ 16ರವರೆಗೆ ಇದ್ದದ್ದು 14ರಿಂದ 14.4 ಆಯಿತು. 1929ರ ಜನವರಿ 1ರಿಂದ ಜಾರಿ. ಜನ ಅಷ್ಟೇ, ಜಾಗ ಮೂರರಲ್ಲಿ ಒಂದು ಪಾಲೂ ಇಲ್ಲ.

ಅಲ್ಲಿಯವರೆಗೆ ಸಿಗ್ನಲ್ ಒಂದಿಷ್ಟು ಅತ್ತಿತ್ತ ಓಲಾಡಿದರೆ ಯಾರೂ ಕೇಳುತ್ತಿರಲಿಲ್ಲ. ಈಗ ಬೇಲಿ ಹತ್ತಿರ ಬಂತು. ವಾಲ್ವ್‌ನ ಸ್ವರವೂ ಆಗ ಹೇಳಿಕೊಳ್ಳುವಷ್ಟು ಶುದ್ಧವಿರಲಿಲ್ಲ. ವಾಲ್ವ್‌ಗೆ ಬೇಕಾದ ಡಿಸಿ ಕರೆಂಟಿಗಾಗಿ ಹುಡುಗರು ಉಪ್ಪಿನಕಾಯಿ ಜಾಡಿಯಂಥ ಗಾಜಿನ ಭರಣಿಗಳಲ್ಲಿ ಬಿಳಿಗಾರದ ನೀರು ತುಂಬಿ, ಸೀಸ ಮತ್ತು ಅಲ್ಯುಮಿನಿಯಂ ತಗಡು ಇಳಿಬಿಟ್ಟು, ಸಾಲಾಗಿ ಜೋಡಿಸುತ್ತಿದ್ದರು. ಅದು ಅರೆಬರೆ ಸೋಸಿದ ಕರೆಂಟು. ಸಿಗ್ನಲ್ಲಿನಲ್ಲಿ ಗುಂಯ್ ಎಂಬ ದುಂಬಿಯ ಸದ್ದು ಸೇರುತ್ತಿತ್ತು. ಕೀಲಿ ಒತ್ತಿದ ಕೂಡಲೇ ವೋಲ್ಟೇಜ್ ಬಿದ್ದು ಸ್ವರ ಜಾರುತ್ತಿತ್ತು, ಮೋಟಾರ್ ಹಾಕಿದಾಗ ಮನೆಯ ದೀಪ ಮಂಕಾಗುವ ಹಾಗೆ. ಹಕ್ಕಿ ಕೂಗಿದಂತೆ ಕೇಳುವ ಆ ದೋಷಕ್ಕೆ ಅವರು 'ಚರ್ಪ್' ಎಂದರು. ಕೀಲಿ ಒತ್ತುವಾಗ, ಬಿಡುವಾಗ ಟಕ್ ಟಕ್ ಎಂದು ಅಕ್ಕಪಕ್ಕಕ್ಕೆಲ್ಲ ಸಿಡಿಯುವ ದೋಷಕ್ಕೆ 'ಕೀ ಕ್ಲಿಕ್' ಎಂದರು.

ಇವೆಲ್ಲ ಕೇಳುವವನಿಗೆ ಗೊತ್ತು, ಕಳಿಸುವವನಿಗೆ ಗೊತ್ತಿಲ್ಲ. ಪಕ್ಕದಲ್ಲೇ ಇರುವ ತನ್ನ ರಿಸೀವರಿನಲ್ಲಿ ಕೇಳಬಹುದಲ್ಲ ಎಂದರೆ, ಅದು ಸಾಧ್ಯವಿರಲಿಲ್ಲ. ಟ್ರಾನ್ಸ್‌ಮಿಟರ್ ಅಷ್ಟು ಹತ್ತಿರ ಇದ್ದಾಗ ರಿಸೀವರ್ ಉಸಿರುಗಟ್ಟಿ ಬಾಯಿಗೆ ಬಂದದ್ದು ಹೇಳುತ್ತದೆ. ತಮಟೆಯನ್ನು ಕಿವಿಯ ಹತ್ತಿರವೇ ಬಾರಿಸಿದರೆ ತಾಳ ತಿಳಿಯುವುದಿಲ್ಲ.

ಇದಕ್ಕೆ ಸಿಕ್ಕ ಉಪಾಯ ಒಂದು ತಗಡಿನ ಡಬ್ಬಿ. ಅದರೊಳಗೆ ಒಂದು ವಾಲ್ವ್, ಒಂದು ಸುರುಳಿ, ಅದಕ್ಕೆ ಬೇಕಾದ ಬ್ಯಾಟರಿ. ಎಲ್ಲವೂ ಮುಚ್ಚಿದ ಲೋಹದ ಪೆಟ್ಟಿಗೆಯೊಳಗೇ. ಹೊರಗೆ ಬರುವುದು ಕಿವಿಗೆ ಹಾಕಿಕೊಳ್ಳುವ ಫೋನಿನ ತಂತಿ ಮಾತ್ರ. ತಗಡು ಅಡ್ಡ ಇರುವುದರಿಂದ ಟ್ರಾನ್ಸ್‌ಮಿಟರಿನ ಅಬ್ಬರ ಒಳಗೆ ನುಗ್ಗುವುದಿಲ್ಲ, ಸೋರಿ ಬಂದಷ್ಟೇ ಕೇಳುತ್ತದೆ. ಅದು ದೂರದಲ್ಲಿ ಕೂತವನ ಕಿವಿಗೆ ಬಿದ್ದ ಹಾಗೇ ಇರುತ್ತದೆ. ಇದನ್ನು 'ಮಾನಿಟರ್' ಎಂದು ಕರೆದರು. ತನ್ನ ಬೆನ್ನು ತಾನೇ ನೋಡಿಕೊಳ್ಳಲು ಹಿಡಿದ ಕನ್ನಡಿ.

1929ರ ಗಡುವಿಗೆ ಹವ್ಯಾಸಿಗಳನ್ನು ತಯಾರು ಮಾಡಲು ಅಮೆರಿಕದ ಸಂಘ 1928ರಲ್ಲಿ ಒಂದು ತಾಂತ್ರಿಕ ಕಾರ್ಯಕ್ರಮವನ್ನೇ ನಡೆಸಿತು. ಅದರ ಮುಂದಾಳು ಆಸ್ಟ್ರೇಲಿಯದಿಂದ ಬಂದಿದ್ದ ರಾಸ್ ಹಲ್. ಸ್ವರ ಓಲಾಡದ ಟ್ರಾನ್ಸ್‌ಮಿಟರ್ ಕಟ್ಟುವುದು ಹೇಗೆ, ಅದನ್ನು ಪಕ್ಕದಲ್ಲೇ ಪರೀಕ್ಷಿಸುವುದು ಹೇಗೆ ಎಂದು ಚಿತ್ರ ಸಮೇತ ತಿಳಿಸಿದರು. ಅಂಗಡಿಯಿಂದ ತರಬೇಕಿರಲಿಲ್ಲ, ಮನೆಯಲ್ಲೇ ಕಟ್ಟಬಹುದಿತ್ತು. ಇನ್‌ಸ್ಪೆಕ್ಟರ ಕೈಯಲ್ಲಿದ್ದ ಅಳತೆಗೋಲು ಹೀಗೆ ಮನೆಯ ಮೇಜಿನ ಮೇಲೆ ಬಂತು. ಇದೇ ಹೊತ್ತಿಗೆ ಬೆಣಚುಕಲ್ಲಿನ ತೆಳು ಬಿಲ್ಲೆಯಿಂದ ಸ್ವರವನ್ನು ಕಟ್ಟಿಹಾಕುವ ವಿದ್ಯೆಯೂ ಹರಡಿತು. ಕ್ರಿಸ್ಟಲ್ ಎಂದು ಕರೆಯುವ ಅದೇ ಬಿಲ್ಲೆ ಇವತ್ತು ನಿಮ್ಮ ಕೈಗಡಿಯಾರದಲ್ಲೂ ಇದೆ.

ಮೂರು ಅಂಕಿಯ ಮಾತು

ಕನ್ನಡಿ ಬಂದರೂ ಎದುರಿನವರ ಮಾತು ಬೇಡವಾಗಲಿಲ್ಲ. ಸಾವಿರ ಮೈಲಿ ಆಚೆ ಏನಾಗುತ್ತಿದೆ ಎಂದು ತಗಡಿನ ಡಬ್ಬಿ ಹೇಳಲಾರದು. ಆದರೆ ಎದುರಿನವರು ಹೇಳುತ್ತಿದ್ದದ್ದು ಅವರವರ ಲೆಕ್ಕದಲ್ಲಿ. ಒಬ್ಬನ 'ಚೆನ್ನಾಗಿದೆ' ಇನ್ನೊಬ್ಬನ 'ಪರವಾಗಿಲ್ಲ'.

1934ರಲ್ಲಿ ಆರ್ಥರ್ ಬ್ರಾಟನ್ ಎಂಬ ಅಮೆರಿಕದ ಹ್ಯಾಮ್ ಒಂದು ಸರಳ ಪದ್ಧತಿ ಮುಂದಿಟ್ಟರು. ಮೂರು ಅಂಕಿ. ಮೊದಲನೆಯದು, ಮಾತು ಎಷ್ಟು ಅರ್ಥವಾಗುತ್ತಿದೆ ಎಂಬುದಕ್ಕೆ 1ರಿಂದ 5. ಎರಡನೆಯದು, ಸಿಗ್ನಲ್ ಎಷ್ಟು ಬಲವಾಗಿದೆ ಎಂಬುದಕ್ಕೆ 1ರಿಂದ 9. ಮೂರನೆಯದು, ಸ್ವರ ಎಷ್ಟು ಶುದ್ಧ ಎಂಬುದಕ್ಕೆ 1ರಿಂದ 9. ಒರಟಾದ ಗುರುಗುಟ್ಟುವ ಸದ್ದಿಗೆ 1, ಕೊಳಲಿನಂಥ ಶುದ್ಧ ಸ್ವರಕ್ಕೆ 9. ಎಲ್ಲ ಸರಿಯಿದ್ದರೆ 599. ಚರ್ಪ್ ಇದ್ದರೆ, ಕ್ಲಿಕ್ ಇದ್ದರೆ ಕೊನೆಗೆ ಒಂದು ಅಕ್ಷರ ಸೇರಿಸಿ ಅದನ್ನೂ ಹೇಳಬಹುದು. ಮಾತಿನಲ್ಲಿ ಸಂಪರ್ಕಿಸುವಾಗ ಕೊನೆಯ ಅಂಕಿ ಬಿಟ್ಟು 59.

ಇದರ ಚೆಲುವು ಏನೆಂದರೆ, ಬಲ ಬೇರೆ, ಶುದ್ಧತೆ ಬೇರೆ ಎಂದು ಅದು ಒಡೆದು ಹೇಳಿತು. 'ನಿನ್ನ ದನಿ ಭಾರಿ ಜೋರು, ಆದರೆ ಗೊಗ್ಗರು' ಎನ್ನಬಹುದಿತ್ತು. ಅದನ್ನು ಕೇಳಿಸಿಕೊಂಡವನು ರಾತ್ರಿ ಕೂತು ತನ್ನ ಪೆಟ್ಟಿಗೆ ಬಿಚ್ಚುತ್ತಿದ್ದ. ಭಾಷೆ ಬಾರದ ಎರಡು ದೇಶದವರೂ ಈ ಮೂರು ಅಂಕಿಯಲ್ಲಿ ಒಬ್ಬರಿಗೊಬ್ಬರು ನಿಜ ಹೇಳಬಹುದಿತ್ತು. ತೊಂಬತ್ತು ವರ್ಷ ದಾಟಿದರೂ ಜಗತ್ತಿನ ಹ್ಯಾಮ್‌ಗಳು ಇದನ್ನೇ ಬಳಸುತ್ತಿದ್ದಾರೆ.

ಪಕ್ಕದ ಮನೆಯ ಟಿವಿ

ಎರಡನೇ ಮಹಾಯುದ್ಧದ ನಂತರ ಹೊಸ ತಕರಾರು ಬಂತು. ಯಾವ ಟ್ರಾನ್ಸ್‌ಮಿಟರೂ ತನ್ನ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಸ್ವರಗಳನ್ನೂ ಸ್ವಲ್ಪ ಸೋರಿಸುತ್ತದೆ. ಇವಕ್ಕೆ ಹಾರ್ಮೋನಿಕ್ ಎನ್ನುತ್ತಾರೆ. ಹವ್ಯಾಸಿಗಳಿಗೆ ಕೊಟ್ಟಿದ್ದ ಜಾಗಗಳು 3.5, 7, 14, 28, 56 ಮೆಗಾಹರ್ಟ್ಸ್ ಹೀಗೆ ಇಮ್ಮಡಿಯಾಗುತ್ತ ಹೋಗುತ್ತಿದ್ದವು. ಹಾಗಾಗಿ ಇಮ್ಮಡಿ ಸೋರಿಕೆ ಬಹುಪಾಲು ಅವರದೇ ಗದ್ದೆಗೆ ಬೀಳುತ್ತಿತ್ತು, ಹೊರಗಿನವರಿಗೆ ಅಷ್ಟು ತಟ್ಟುತ್ತಿರಲಿಲ್ಲ.

ಯುದ್ಧದ ನಂತರ ಅಮೆರಿಕದಲ್ಲಿ 56ರಿಂದ 60ರ ಜಾಗವನ್ನು ಹವ್ಯಾಸಿಗಳಿಂದ ತೆಗೆದುಕೊಂಡರು. 54ರಿಂದ 60ರವರೆಗೆ ಟಿವಿಯ 2ನೇ ಚಾನೆಲ್ ಆಯಿತು. 28ರಲ್ಲಿ ಮಾತನಾಡುವ ಹ್ಯಾಮ್‌ನ ಸೋರಿಕೆ ಈಗ ನೇರವಾಗಿ ಪಕ್ಕದ ಮನೆಯ ಟಿವಿಗೆ. ಸಂಜೆ ಕುಟುಂಬವೆಲ್ಲ ಟಿವಿ ಮುಂದೆ ಕೂತಾಗ ಚಿತ್ರದ ಮೇಲೆ ಗೆರೆಗಳು. ಮರುಕ್ಷಣ ಬಾಗಿಲು ಬಡಿತ. ಹ್ಯಾಮ್‌ಗಳು ಪೆಟ್ಟಿಗೆಗಳಿಗೆ ತಗಡು ಹೊದಿಸಿದರು, ಸೋರಿಕೆ ತಡೆಯುವ ಫಿಲ್ಟರ್ ಹಾಕಿದರು.

ಪ್ರಯೋಗ ಮಾಡುವಾಗ ಆಕಾಶಕ್ಕೆ ಬಿಡದೆಯೇ ಟ್ರಾನ್ಸ್‌ಮಿಟರ್ ಓಡಿಸುವ ಉಪಾಯವೂ ಇತ್ತು. ಮೊದಲು ಆಂಟೆನಾ ಬದಲು ಬಲ್ಬ್ ಸಿಕ್ಕಿಸುತ್ತಿದ್ದರು. 1960ರ ದಶಕದಲ್ಲಿ ಹೀತ್‌ಕಿಟ್ ಕಂಪನಿ ಪೇಂಟ್ ಡಬ್ಬದಂಥ ಡಬ್ಬದೊಳಗೆ ರೆಸಿಸ್ಟರ್ ಇಟ್ಟು, ಎಣ್ಣೆ ತುಂಬಿಸಿಕೊಳ್ಳುವ ಕಿಟ್ ಮಾರಿತು. ಹೆಸರು 'ಕ್ಯಾಂಟೆನಾ'. ಶಕ್ತಿಯೆಲ್ಲ ಎಣ್ಣೆಯನ್ನು ಬಿಸಿ ಮಾಡಿ ಮುಗಿಯುತ್ತದೆ, ಊರಿಗೆ ತೊಂದರೆ ಇಲ್ಲ.

ಕಿವಿಯಿಂದ ಕಣ್ಣಿಗೆ

1947ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹ್ಯಾಮ್ ನಿಲ್ದಾಣದಿಂದ ಆಸ್ವಾಲ್ಡ್ ವಿಲ್ಲಾರ್ಡ್ ಅವರು ಸಿಂಗಲ್ ಸೈಡ್‌ಬ್ಯಾಂಡ್ ಎಂಬ ಪದ್ಧತಿಯಲ್ಲಿ ಮಾತನಾಡಿದರು. ಟೆಲಿಫೋನ್ ಕಂಪನಿಗಳು ಅದನ್ನು ಮೊದಲೇ ಬಳಸುತ್ತಿದ್ದವು, ಹ್ಯಾಮ್‌ಗಳಲ್ಲಿ ಅದು ಹಬ್ಬಿದ್ದು ಆ ನಂತರ. ಹಳೆಯ ಪದ್ಧತಿಯಲ್ಲಿ ಒಂದು ಮಾತಿಗೆ ಸುಮಾರು 6 ಕಿಲೋಹರ್ಟ್ಸ್ ಅಗಲ ಬೇಕಿತ್ತು. ಇದಕ್ಕೆ 3ಕ್ಕಿಂತ ಕಡಿಮೆ ಸಾಕು. ಒಬ್ಬರ ಜಾಗದಲ್ಲಿ ಇಬ್ಬರು.

ಆದರೆ ಇದರಲ್ಲಿ ಒಂದು ಮೋಸವಿದೆ. ಮೈಕಿನ ಗುಂಡಿಯನ್ನು ಅತಿಯಾಗಿ ತಿರುಗಿಸಿದರೆ ಆಂಪ್ಲಿಫೈಯರ್ ತಡೆಯಲಾರದೆ ಅಲೆಯ ತಲೆ ಕತ್ತರಿಸುತ್ತದೆ. ಮಾತನಾಡುವವನಿಗೆ ಮೀಟರಿನ ಮುಳ್ಳು ಮೇಲೆ ಹೋದದ್ದು ಕಾಣುತ್ತದೆ, ಖುಷಿಯಾಗುತ್ತದೆ. ಅಕ್ಕಪಕ್ಕದ ಗೆರೆಗಳಲ್ಲಿ ಇದ್ದವರಿಗೆ ಗರಗರ ಚೂರುಗಳು ಸಿಡಿಯುತ್ತವೆ. ನಮ್ಮ ಜಾತ್ರೆಯ ಧ್ವನಿವರ್ಧಕದವರು ವಾಲ್ಯೂಮ್ ತುದಿಗೆ ಇಟ್ಟಾಗ ಹಾಡು ಒಡೆದು ಹರಿಯುತ್ತದಲ್ಲ, ಅದೇ ಕಥೆ.

ಇಲ್ಲಿ ಕಿವಿ ಸಾಲದು, ಕಣ್ಣು ಬೇಕು. ಆ ಕಣ್ಣೇ ಆಸಿಲೋಸ್ಕೋಪ್. ಜರ್ಮನಿಯ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಮಾಡಿದ ಕೊಳವೆ ಅದರ ಮೂಲ. ಕರೆಂಟಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ಬರೆದು ತೋರಿಸುತ್ತದೆ. ಯುದ್ಧದ ಮೊದಲು ಅದು ಪ್ರಯೋಗಾಲಯದ ವಸ್ತು. ಯುದ್ಧ ಮುಗಿದು ಮಿಲಿಟರಿಯ ಮಿಕ್ಕ ಸಾಮಾನು ಅಗ್ಗಕ್ಕೆ ಬಂದಾಗ, 1947ರಲ್ಲಿ ಅದೇ ಹೀತ್‌ಕಿಟ್ ಕಂಪನಿ ಮನೆಯಲ್ಲೇ ಜೋಡಿಸಿಕೊಳ್ಳುವ ಆಸಿಲೋಸ್ಕೋಪ್ ಕಿಟ್ಟನ್ನು 50 ಡಾಲರ್ ಒಳಗೆ ಮಾರಿತು. 1960ರ ದಶಕದ ಹೊತ್ತಿಗೆ ಹ್ಯಾಮ್‌ಗಳಿಗೆಂದೇ 'ಮಾನಿಟರ್ ಸ್ಕೋಪ್' ಬಂದವು. ತನ್ನ ಸಿಗ್ನಲ್ಲನ್ನೂ, ಬರುತ್ತಿರುವವರ ಸಿಗ್ನಲ್ಲನ್ನೂ ಅದರಲ್ಲಿ ನೋಡಬಹುದಿತ್ತು.

ಪರೀಕ್ಷೆಯ ಕ್ರಮವೂ ಸೊಗಸು. ಮಾತಿನ ಬದಲು ಎರಡು ಶುದ್ಧ ಸ್ವರಗಳನ್ನು ಒಟ್ಟಿಗೆ ಕಳಿಸುತ್ತಾರೆ. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಮಣಿಸರದ ಹಾಗೆ ದುಂಡು ದುಂಡು ಆಕಾರಗಳು. ಗುಂಡಿ ಅತಿಯಾಯಿತೋ, ಮಣಿಗಳ ತಲೆ ಚಪ್ಪಟೆ. ನೋಡಿದ ಕೂಡಲೇ ಕೈ ತಾನಾಗಿಯೇ ಗುಂಡಿಯನ್ನು ಹಿಂದಕ್ಕೆ ತಿರುಗಿಸುತ್ತದೆ. ಬೈಯುವವರು ಬೇಕಿಲ್ಲ.

ಬೆಂಗಳೂರಿನಲ್ಲಿ ಕಟ್ಟಿದ ಕನ್ನಡಿ

2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್ಎಲ್‌ವಿ ರಾಕೆಟ್ ಕಾರ್ಟೊಸ್ಯಾಟ್-1ರ ಜೊತೆಗೆ ಒಂದು ಪುಟ್ಟ ಉಪಗ್ರಹವನ್ನೂ ಹೊತ್ತೊಯ್ದಿತು. ಹೆಸರು ಹ್ಯಾಮ್‌ಸ್ಯಾಟ್. ತೂಕ 42.5 ಕಿಲೊ. ಕಟ್ಟಿದ್ದು ಬೆಂಗಳೂರಿನ ಇಸ್ರೊ ಉಪಗ್ರಹ ಕೇಂದ್ರದಲ್ಲಿ, ಜಗತ್ತಿನ ಹ್ಯಾಮ್‌ಗಳ ಉಪಯೋಗಕ್ಕೆ. ಅದರಲ್ಲಿದ್ದ ಎರಡು ಮರುಪ್ರಸಾರ ಪೆಟ್ಟಿಗೆಗಳಲ್ಲಿ ಒಂದು ನಮ್ಮವರದು, ಇನ್ನೊಂದು ನೆದರ್ಲೆಂಡ್ಸ್‌ನ ಒಬ್ಬ ವಿದ್ಯಾರ್ಥಿ ಮಾಡಿದ್ದು.

ಹ್ಯಾಮ್ 435 ಮೆಗಾಹರ್ಟ್ಸ್ ಸುಮಾರಿನಲ್ಲಿ ಮೇಲಕ್ಕೆ ಮಾತನಾಡಿದರೆ ಉಪಗ್ರಹ ಅದನ್ನು 145ರ ಸುಮಾರಿನಲ್ಲಿ ಕೆಳಕ್ಕೆ ಕಳಿಸುತ್ತಿತ್ತು. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ. ಹಾಗಾಗಿ ಮಾತನಾಡುತ್ತಲೇ ತನ್ನ ದನಿ ಆಕಾಶದಿಂದ ವಾಪಸು ಬರುವುದನ್ನು ಕೇಳಬಹುದಿತ್ತು. 1929ರ ತಗಡಿನ ಡಬ್ಬಿ ಮಾಡಿದ ಕೆಲಸವನ್ನೇ ಇದು ನೂರಾರು ಕಿಲೋಮೀಟರ್ ಎತ್ತರದಿಂದ ಮಾಡುತ್ತಿತ್ತು.

ಇಲ್ಲಿ ಆ ಕನ್ನಡಿ ನೋಡಲೇಬೇಕಿತ್ತು. ಉಪಗ್ರಹ ಹೊರಹಾಕುತ್ತಿದ್ದ ಒಟ್ಟು ಶಕ್ತಿ ಸುಮಾರು 1 ವ್ಯಾಟ್. ಮಾತನಾಡುವವರೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಒಬ್ಬ ನೆಲದಿಂದ ಅತಿ ಜೋರಾಗಿ ಕಳಿಸಿದರೆ ಆ 1 ವ್ಯಾಟಿನ ಬಹುಪಾಲು ಅವನೊಬ್ಬನಿಗೇ ಹೋಗಿ ಉಳಿದವರ ದನಿ ಇಂಗಿಹೋಗುತ್ತದೆ. ಕಾಲುವೆಯ ತಲೆಯಲ್ಲಿರುವವನು ತೂಬು ಪೂರ್ತಿ ಎತ್ತಿದ ಹಾಗೆ. ಕೊನೆಯ ಗದ್ದೆಗೆ ನೀರಿಲ್ಲ. ಕಳಿಸುವುದು ಜೋರು, ಕೇಳುವುದು ಮಂದ ಇರುವವರನ್ನು ಹ್ಯಾಮ್‌ಗಳು ಮೊಸಳೆ ಎಂದು ಆಡಿಕೊಳ್ಳುತ್ತಾರೆ. ಬಾಯಿ ದೊಡ್ಡದು, ಕಿವಿ ಸಣ್ಣದು. ಹ್ಯಾಮ್‌ಸ್ಯಾಟ್ 2014ರವರೆಗೆ ಕೆಲಸ ಮಾಡಿತು.

ಎಲ್ಲರಿಗೂ 59

ಈಗ ಉಪಕರಣಕ್ಕೆ ಬರವಿಲ್ಲ. 2012ರ ಸುಮಾರಿಗೆ, ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾರುತ್ತಿದ್ದ ಪೆನ್‌ಡ್ರೈವ್ ಗಾತ್ರದ ಸಾಧನವನ್ನೇ ರೇಡಿಯೊ ರಿಸೀವರ್ ಮಾಡಬಹುದು ಎಂದು ಆಸಕ್ತರು ಕಂಡುಕೊಂಡರು. ಸಿಗ್ನಲ್ ಎಷ್ಟು ಅಗಲವಿದೆ ಎಂಬುದು ಪರದೆಯ ಮೇಲೆ ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಶುದ್ಧವಾದದ್ದು ನೇರವಾದ ಕಿರಿದಾದ ಪಟ್ಟಿ. ಕೊಳಕಾದದ್ದು ಅಕ್ಕಪಕ್ಕ ಮಸಿ ಚೆಲ್ಲಿದ ಪಟ್ಟಿ.

ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದಲ್ಲಿ ಇಂಥದೊಂದು ರಿಸೀವರನ್ನು ಇಂಟರ್‌ನೆಟ್‌ಗೆ ಜೋಡಿಸಿ ಎಲ್ಲರಿಗೂ ಬಿಟ್ಟಿದ್ದಾರೆ. 'ವೆಬ್‌ಎಸ್‌ಡಿಆರ್' ಎಂದು ಹುಡುಕಿದರೆ ನಿಮ್ಮ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ದುಡ್ಡಿಲ್ಲ. ಇಲ್ಲಿಂದ ಮಾತನಾಡುವ ಹ್ಯಾಮ್ ತನ್ನ ದನಿ ಯುರೋಪಿನಲ್ಲಿ ಹೇಗೆ ಕೇಳುತ್ತದೆ ಎಂದು ಅದೇ ಗಳಿಗೆಯಲ್ಲಿ ತನ್ನ ಕಿವಿಯಿಂದಲೇ ಕೇಳಬಹುದು. 1928ರ ಹುಡುಗರು ಕನಸಿನಲ್ಲೂ ಕಾಣದ ಸೌಕರ್ಯ.

ಹಾಗಾದರೆ ಎಲ್ಲರ ಸಿಗ್ನಲ್ಲೂ ಶುದ್ಧವಾಯಿತೇ? ಇಲ್ಲ. ಉಪಕರಣ ಹೆಚ್ಚಿದಂತೆ ನಿಜ ಹೇಳುವ ರೂಢಿ ಸವೆದಿದೆ. ಹ್ಯಾಮ್ ಸ್ಪರ್ಧೆಗಳಲ್ಲಿ ಎಲ್ಲರೂ ಎಲ್ಲರಿಗೂ 59 ಅಥವಾ 599 ಎನ್ನುತ್ತಾರೆ. ಸ್ಪರ್ಧೆಯ ಸಾಫ್ಟ್‌ವೇರ್ ಆ ಅಂಕಿಯನ್ನು ತಾನೇ ಮೊದಲೇ ತುಂಬಿಟ್ಟಿರುತ್ತದೆ. ಕಿವಿಗೆ ಏನೂ ಕೇಳದಿದ್ದಾಗಲೂ '59, ಹೆಸರು ಇನ್ನೊಮ್ಮೆ ಹೇಳಿ' ಎನ್ನುವುದು ಅವರಲ್ಲೇ ಹಳೆಯ ನಗೆಚಾಟಿಕೆ. ಬ್ರಾಟನ್ ಕೊಟ್ಟ ಮೂರು ಅಂಕಿ ಈಗ ಬಹುತೇಕ ನಮಸ್ಕಾರದ ಬದಲಿಗೆ. ಎದುರಿನವರ ಮನಸ್ಸು ನೋಯಬಾರದು ಎಂಬ ಸೌಜನ್ಯ ಅದರಲ್ಲಿದೆ, ಒಪ್ಪುತ್ತೇವೆ. ಆದರೆ ಆ ಸೌಜನ್ಯದಿಂದಾಗಿ ಕೆಟ್ಟ ಸಿಗ್ನಲ್ಲಿನವನು ಕೆಟ್ಟ ಸಿಗ್ನಲ್ಲಿನಲ್ಲೇ ಉಳಿಯುತ್ತಾನೆ.

ಕೆಟ್ಟರೆ ಏನಾಗುತ್ತದೆ ಎಂದು ಕೇಳಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೊದ ಭಾರತಿ ಪ್ರಸಾದ್ ಮತ್ತು ಅವರ ತಂಡ ಹ್ಯಾಮ್ ಕಾರ್ಯಕ್ರಮಕ್ಕೆಂದು ಅಂಡಮಾನ್‌ನ ಪೋರ್ಟ್ ಬ್ಲೇರ್‌ನಲ್ಲಿತ್ತು. ಫೋನುಗಳು ಸತ್ತಿದ್ದವು. ಆ ತಂಡದ ರೇಡಿಯೊ ಮೂಲಕ ದ್ವೀಪಗಳ ಸುದ್ದಿ, ಬದುಕುಳಿದವರ ಸುದ್ದಿ ಹೊರಗೆ ಹೋಯಿತು. ಅಂಥ ಹೊತ್ತಿನಲ್ಲಿ ದಾಟಿಸುವುದು ಜನರ ಹೆಸರುಗಳನ್ನು. ಒಂದು ಅಕ್ಷರ ತಪ್ಪಾಗಿ ಕೇಳಿದರೆ ಒಬ್ಬರ ಮನೆಯ ಸಂತೋಷ ಇನ್ನೊಬ್ಬರ ಮನೆಗೆ ಹೋಗುತ್ತದೆ. ಆಗ ಯಾರೂ ಸೌಜನ್ಯಕ್ಕೆ 59 ಅನ್ನುವಂತಿಲ್ಲ. 'ಕೇಳಲಿಲ್ಲ, ಮತ್ತೆ ಹೇಳಿ' ಎನ್ನಬೇಕು. ಅಪಘಾತದ ದಿನ ಆ ಮಾತು ಬಾಯಿಗೆ ಬರಬೇಕಾದರೆ ಮಾಮೂಲಿ ದಿನಗಳಲ್ಲಿ ಅದರ ರೂಢಿ ಇರಬೇಕು.

ನಮ್ಮ ಕಥೆಗೆ ವಾಪಸು ಬರುತ್ತೇವೆ. ಈಗ ನಾವು ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ ರೆಕಾರ್ಡ್ ಮಾಡುತ್ತೇವೆ. ಮಾಡಿದ್ದನ್ನು ಇಯರ್‌ಫೋನಿನಲ್ಲಿ ಕೇಳುವುದಿಲ್ಲ, ಹಳೆಯದೊಂದು ಸಣ್ಣ ಫೋನಿನಲ್ಲಿ ಹೊರಗೆ ಜಗಲಿಯಲ್ಲಿಟ್ಟು ಕೇಳುತ್ತೇವೆ. ಅದು ನಮ್ಮ ತಗಡಿನ ಡಬ್ಬಿ. ಎಲ್ಲರಿಗೂ ಕಳಿಸುವ ಮೊದಲು ಆ ಅಜ್ಜಿಗೆ ಕಳಿಸುತ್ತೇವೆ. ಹೋದ ವಾರ ಅವರ ಉತ್ತರ ಹೀಗಿತ್ತು: "ಇವತ್ತು ಕೇಳ್ತು ಕಣಪ್ಪ. ಆದ್ರೆ ಆ ಹುಡ್ಗಿ ಓಡೋಡಿ ಹೇಳ್ತಾಳೆ. ನೀರು ಮಂಗಳವಾರನೋ ಬುಧವಾರನೋ?"

ಬುಧವಾರ ಎಂದು ಹೇಳಿ, ಆ ಭಾಗವನ್ನು ನಿಧಾನವಾಗಿ ಮತ್ತೆ ರೆಕಾರ್ಡ್ ಮಾಡಿದೆವು. ನೀವೂ ಈ ಬರಹದ ಕೆಳಗೆ ಹೆಬ್ಬೆರಳು ಒತ್ತುವ ಮೊದಲು, ಎಲ್ಲಿ ಅರ್ಥವಾಗಲಿಲ್ಲ ಎಂದು ಒಂದು ಮಾತು ಹೇಳಿ.